ಕೈಲ್ ಮುಹೂರ್ತದ ಕೋವಿ

ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ದಕ್ಷಿಣ ಕೊಡಗಿಗೆ ಹೋಗುವ ಪ್ರಯಾಣಿಕನಿಗೆ ತಿತಿಮತಿಯ ಸಮೀಪದಲ್ಲಿ ಲೋಕವೇ ಬದಲಾದಂತೆ ತೋರುತ್ತದೆ. ಅಲ್ಲಿಯವರೆಗೆ ಹೊಗೆಸೊಪ್ಪಿನ ಹೊಲಗಳು, ಬಯಲಿನ ಬೆಳಕು. ಅಲ್ಲಿಂದ ಮುಂದೆ ದಟ್ಟವಾದ ಮರಗಳ ನೆರಳು, ಒದ್ದೆಮಣ್ಣಿನ ವಾಸನೆ, ಆನೆಗಳು ದಾಟುವ ಸ್ಥಳವೆಂದು ಎಚ್ಚರಿಸುವ ಫಲಕಗಳು. ಕಳೆದ ಸೆಪ್ಟೆಂಬರ್ ತಿಂಗಳ 2ನೆಯ ತಾರೀಖಿನ ಸಾಯಂಕಾಲ ಜಡಿಮಳೆಯಲ್ಲಿ ನಾನು ಆ ದಾರಿಯಾಗಿ ಗೋಣಿಕೊಪ್ಪಲನ್ನು ಸೇರಿದೆನು. ಅಲ್ಲಿ ನನ್ನ ಹಳೆಯ ಶಿಷ್ಯರೊಬ್ಬರು ಕೊಡೆ ಹಿಡಿದುಕೊಂಡು ಕಾದಿದ್ದರು. ಅವರು ಈಗ ಕಾಫಿ ತೋಟದ ಯಜಮಾನರು, ತಲೆ ನರೆಯತೊಡಗಿದೆ. ಆದರೂ ನನ್ನನ್ನು ಕಂಡೊಡನೆ ಹಿಂದಿನಂತೆಯೇ ಕೈಕಟ್ಟಿ ನಿಂತರು.

“ಹತ್ತು ವರ್ಷದಿಂದ ಕರೆಯುತ್ತಿದ್ದೇನೆ ಮೇಷ್ಟ್ರೇ, ಅಂತೂ ಈ ವರ್ಷ ಬಂದಿರಿ” ಎಂದರು.

ಹತ್ತು ವರ್ಷ ನಾನು ಏಕೆ ಹೋಗಲಿಲ್ಲವೆಂಬುದಕ್ಕೆ ಒಂದು ಕಾರಣವುಂಟು. ಅದನ್ನು ಮುಂದೆ ಹೇಳುವೆನು. ಅವರು ಕರೆಯುತ್ತಿದ್ದುದು ಕೈಲ್ ಮುಹೂರ್ತಕ್ಕೆ. ಕೊಡವ ಭಾಷೆಯಲ್ಲಿ ‘ಕೈಲ್’ ಎಂದರೆ ಆಯುಧ. ಗದ್ದೆಗಳಲ್ಲಿ ನಾಟಿ ಮುಗಿದು, ಎತ್ತಿಗೂ ಆಳಿಗೂ ಬಿಡುವು ದೊರೆತ ಮೇಲೆ, ಸೆಪ್ಟೆಂಬರ್ 3ರ ಸುಮಾರಿಗೆ ಆ ನಾಡಿನವರು ತಮ್ಮ ಆಯುಧಗಳನ್ನು ಪೂಜಿಸುತ್ತಾರೆ. ನಮ್ಮ ಕಡೆಯ ಆಯುಧಪೂಜೆ ನವರಾತ್ರಿಯಲ್ಲಿ. ಅವರದು ಮಳೆಗಾಲದ ಕೊನೆಯಲ್ಲಿ.

ಮರುದಿನ ಪ್ರಾತಃಕಾಲದಲ್ಲಿ ಸ್ನಾನವನ್ನು ಮುಗಿಸಿ ನಡುಮನೆಗೆ ಬಂದೆನು. ಅದನ್ನು ಅವರು ‘ನೆಲ್ಲಕ್ಕಿ’ ಎಂದು ಕರೆಯುವರು. ತೂಗುದೀಪವು ಉರಿಯುತ್ತಿತ್ತು. ದೀಪದ ಬೆಳಕಿನಲ್ಲಿ ಪೀಚೆಕತ್ತಿ, ಒಡಿಕತ್ತಿ, ಕುಡುಗೋಲುಗಳ ಜೊತೆಗೆ ಎರಡು ಕೋವಿಗಳನ್ನು ಒರಗಿಸಿದ್ದರು. ಅವುಗಳ ನಳಿಕೆಗೆ ಕೆಂಪು ಹಳದಿ ಬಣ್ಣದ, ಜ್ವಾಲೆಯಂತೆ ಮೇಲಕ್ಕೆ ಮಡಿಚಿದ ದಳಗಳ ಹೂವನ್ನು ಸಿಕ್ಕಿಸಿದ್ದರು. ಇದಕ್ಕೆ ಕೊಡವರು ‘ತೋಕ್ ಪೂ’ ಎನ್ನುತ್ತಾರೆ; ತೋಕ್ ಎಂದರೆ ಕೋವಿ. ಸಂಸ್ಕೃತದಲ್ಲಿ ಇದೇ ಬಳ್ಳಿಗೆ ಅಗ್ನಿಶಿಖಾ ಎಂದೂ ಲಾಂಗಲೀ ಎಂದೂ ಹೆಸರುಗಳುಂಟು. ಲಾಂಗಲವೆಂದರೆ ನೇಗಿಲು, ಇದರ ಗೆಡ್ಡೆಯ ಆಕಾರವು ನೇಗಿಲನ್ನು ಹೋಲುವುದು. ಸಂಸ್ಕೃತದವನು ಮಣ್ಣಿನೊಳಗಣ ಗೆಡ್ಡೆಯನ್ನು ನೋಡಿ ನೇಗಿಲಿನ ಹೆಸರಿಟ್ಟನು. ಕೊಡವನು ಮೇಲಣ ಹೂವನ್ನು ಕೋವಿಗೆ ಮುಡಿಸಿ ಕೋವಿಯ ಹೆಸರಿಟ್ಟನು. ಆ ಗೆಡ್ಡೆಯಾದರೋ ಪ್ರಾಣಾಂತಿಕವಾದ ವಿಷ. ಸುಂದರವಾದುದನ್ನು ಎಚ್ಚರದಿಂದ ಮುಟ್ಟಬೇಕೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಲಂಕಾರವಿಲ್ಲ.

ಪೂಜೆಯಾದ ಮೇಲೆ ಊಟ. ಮನೆಯವರಿಗೆ ಹಬ್ಬದ ಅಡಿಗೆ. ನನಗೋಸ್ಕರ ಕಡಂಬುಟ್ಟಿನ ಜೊತೆಗೆ ಕುಂಬಳಕಾಯಿಯ ಪಲ್ಯವನ್ನು ಬೇರೆಯೇ ಒಲೆಯ ಮೇಲೆ ಮಾಡಿದ್ದರು. ಊಟದ ತರುವಾಯ ಜಗಲಿಯಲ್ಲಿ ಕುಳಿತಾಗ ಮಾತು ಸಹಜವಾಗಿ ಕೋವಿಯ ಕಡೆಗೆ ತಿರುಗಿತು.

ಭಾರತದಲ್ಲಿ ಸಾಮಾನ್ಯ ಪ್ರಜೆಯು ಕೋವಿಯನ್ನು ಇಟ್ಟುಕೊಳ್ಳಬೇಕಾದರೆ 1959ರ ಆಯುಧ ಕಾಯಿದೆಯ ಪ್ರಕಾರ ಲೈಸೆನ್ಸು ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಕ್ಕುದಾರರಿಗೂ ಮಾತ್ರ ಇದರಿಂದ ವಿನಾಯಿತಿಯುಂಟು. ಇದರ ಮೂಲವು 1861ರಷ್ಟು ಹಿಂದಿನದು. ಆಗ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ, ನಿರಾಯುಧೀಕರಣದ ಶಾಸನವು ಕೊಡವರಿಗೆ ಅನ್ವಯಿಸದೆಂದು ಪ್ರಕಟಿಸಲಾಯಿತು. ಸ್ವಾತಂತ್ರ್ಯಾನಂತರವೂ ಅದು ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿತು; 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. “ಇದು ನಮಗೆ ಗೌರವ ಮೇಷ್ಟ್ರೇ, ಗೌರವವೆಂದಮೇಲೆ ಹೊಣೆ” ಎಂದರು ನನ್ನ ಶಿಷ್ಯರು.

ಇಷ್ಟು ಹೇಳಿ, ಕಾಲೇಜಿನಲ್ಲಿ ಓದುತ್ತಿರುವ ಮಗಳನ್ನು ಕರೆದು, “ಅಜ್ಜನಿಗೆ ನಮ್ಮ ಕೋವಿಯನ್ನು ತೋರಿಸು” ಎಂದರು. ಆಕೆ ಒಳಗಿನಿಂದ ಜೋಡಿ ನಳಿಕೆಯ ಕೋವಿಯನ್ನು ತಂದು, ಸನ್ನೆಯನ್ನು ಸರಿಸಿ ಮಧ್ಯಕ್ಕೆ ಮುರಿದಂತೆ ಬಾಗಿಸಿ, ನನ್ನ ಕಡೆಗೆ ನೀಡಿದಳು. ನಾನು ಕೈ ಚಾಚಲಿಲ್ಲ. ಆಕೆ ಆಶ್ಚರ್ಯದಿಂದ ತಂದೆಯ ಮುಖವನ್ನು ನೋಡಿದಳು. ಆಗ ನಾನು ಹತ್ತು ವರ್ಷದಿಂದ ಹೇಳದೆ ಇದ್ದ ಕಾರಣವನ್ನು ಹೇಳಬೇಕಾಯಿತು.

ನಾನು ಹುಟ್ಟಿ ಬೆಳೆದುದು ಮಲೆನಾಡಿನ ಅಡಕೆ ತೋಟದ ಊರಿನಲ್ಲಿ. ನೆರೆಮನೆಯ ಬಾಗಿಲ ಹಿಂದೆ ಮಂಗಗಳನ್ನು ಬೆದರಿಸುವುದಕ್ಕೆಂದು ಒಂದು ಕೇಪಿನ ಕೋವಿ ಇರುತ್ತಿತ್ತು. ಆ ಮನೆಯ ಹುಡುಗನೂ ನಾನೂ ಓರಗೆಯವರು, ಒಂದೇ ತರಗತಿಯವರು. ನಮಗೆ ಹತ್ತು ವರ್ಷವಾಗಿದ್ದಾಗ, ಹಿರಿಯರು ಮದುವೆಗೆ ಹೋಗಿದ್ದ ಒಂದು ಮಧ್ಯಾಹ್ನ, ಆಟಕ್ಕೆಂದು ಅದನ್ನು ಬಾಗಿಲ ಹಿಂದಿನಿಂದ ಎತ್ತಿ ಅವನ ಕೈಗೆ ಕೊಟ್ಟವನು ನಾನು. ಅದು ಖಾಲಿಯೆಂದು ಇಬ್ಬರೂ ತಿಳಿದಿದ್ದೆವು. ಅವನು ಬುಡವನ್ನು ನೆಲಕ್ಕೂರಿ ಕಾಲಿನಿಂದ ಕುದುರೆಯನ್ನು ಎತ್ತಲು ಹೋದನು, ಅದು ಜಾರಿತು. ಮುಂದಿನದನ್ನು ಬರೆಯಲಾರೆನು. ಅವನ ತಾಯಿ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಹೊರುವುದು ಹಗುರವಾಗುತ್ತಿತ್ತೋ ಏನೋ.

ಜಗಲಿಯಲ್ಲಿ ಕೆಲವು ನಿಮಿಷ ಯಾರೂ ಮಾತನಾಡಲಿಲ್ಲ. ಆಮೇಲೆ ಆ ಹುಡುಗಿ ಕೋವಿಯನ್ನು ಬಾಗಿಸಿದಂತೆಯೇ ಮೇಜಿನ ಮೇಲಿಟ್ಟು, ಮೆಲ್ಲನೆ ಹೇಳಿದಳು: “ಅಜ್ಜ, ಅದು ಕೇಪಿನ ಕೋವಿ. ಒಳಗೆ ಮದ್ದಿದೆಯೋ ಇಲ್ಲವೋ ಅದು ಹೇಳುವುದಿಲ್ಲ. ಇದು ಹೇಳುತ್ತದೆ. ಮುಟ್ಟಬೇಡಿ, ಸುಮ್ಮನೆ ನೋಡಿ.”

ಈ ಒಂದು ಮಾತಿನಿಂದ ನಾನು ಐವತ್ತು ವರ್ಷದಿಂದ ನೋಡದಿದ್ದುದನ್ನು ನೋಡಿದೆನು. ಆಮೇಲೆ ತಂದೆ ಮಗಳಿಬ್ಬರೂ ವಿವರಿಸಿದ್ದನ್ನು, ನಾನು ಓದಿ ತಿಳಿದುದರೊಡನೆ ಸೇರಿಸಿ, ವಾಚಕರ ಮುಂದಿಡುತ್ತೇನೆ.

ಕೇಪಿನ ಕೋವಿಯಲ್ಲಿ ಮದ್ದನ್ನು ನಳಿಕೆಯ ಬಾಯಿಂದಲೇ ಹೊಯ್ಯಬೇಕು. ಮೇಲೆ ನಾರನ್ನು ತುರುಕಿ, ಗಜವೆಂಬ ಸಲಾಕೆಯಿಂದ ಜಡಿದು, ಚರೆಯನ್ನು ಸುರಿದು, ಮತ್ತೆ ನಾರನ್ನು ತುರುಕಿ ಜಡಿಯಬೇಕು. ಹಿಂಬದಿಯ ಸಣ್ಣ ಕೊಳವೆಗೆ ತಾಮ್ರದ ಕೇಪನ್ನು ತೊಡಿಸಿದರೆ, ಕುದುರೆಯು ಅದರ ಮೇಲೆ ಬಡಿದಾಗ ಕಿಡಿಯು ಒಳಹೊಕ್ಕು ಮದ್ದು ಹೊತ್ತುವುದು. ಹಾರಿಸದೆ ಉಳಿದ ಈಡನ್ನು ಹೊರತೆಗೆಯುವುದು ತೊಡಕಿನ ಕೆಲಸವಾದ್ದರಿಂದ ಅದನ್ನು ಹಾಗೆಯೇ ಮೂಲೆಗೊರಗಿಸುವ ರೂಢಿಯಿತ್ತು. ಗಜವನ್ನು ನಳಿಕೆಯೊಳಕ್ಕೆ ಇಳಿಬಿಟ್ಟು ಆಳವನ್ನು ಅಳೆದರಲ್ಲದೆ ತುಂಬಿದೆಯೋ ಖಾಲಿಯೋ ಎಂಬುದು ತಿಳಿಯದು. ಅನರ್ಥದ ಬೀಜವಿರುವುದು ಇಲ್ಲಿಯೇ.

ಹಿಂಬದಿಯಿಂದ ತುಂಬುವ ಕೋವಿಗೆ ಯೂರೋಪಿನ ಕುಶಲಿಗಳು ಬಹುಕಾಲ ಪ್ರಯತ್ನಪಟ್ಟರು. ಪ್ಯಾರಿಸ್ಸಿನಲ್ಲಿ ಕೆಲಸಮಾಡುತ್ತಿದ್ದ ಸ್ವಿಸ್ ದೇಶೀಯನಾದ ಪೌಲಿಯು 1812ರಲ್ಲಿ ಮದ್ದು, ಚರೆ, ಕಿಡಿ ಮೂರನ್ನೂ ಒಂದೇ ತೋಟಾದೊಳಗೆ ಅಡಕಮಾಡಿದನು. ಅನಂತರ ಫ್ರಾನ್ಸಿನ ಲೆಫೋಶೋ ನಳಿಕೆಯನ್ನು ಕೀಲಿನ ಮೇಲೆ ಬಾಗಿಸುವ ಕೋವಿಯನ್ನು ಪ್ರಚಾರಕ್ಕೆ ತಂದನು; 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದನ್ನು ಕಂಡ ಇಂಗ್ಲೆಂಡಿನ ಕೋವಿ ಕಮ್ಮಾರರು ಎಚ್ಚೆತ್ತರು. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್‌ಲಿ ರಿಚರ್ಡ್ಸ್ ಕಾರ್ಖಾನೆಯ ಆ್ಯನ್ಸನ್ ಮತ್ತು ಡೀಲಿ ಎಂಬಿಬ್ಬರು ಕುದುರೆಗಳನ್ನು ಒಳಗೆ ಅಡಗಿಸಿ, ನಳಿಕೆಯನ್ನು ಬಾಗಿಸಿದಾಗಲೇ ಅವು ತಾವಾಗಿ ಏರುವಂತೆ ಮಾಡಿದರು. ಇಂದಿನ ಜೋಡಿ ನಳಿಕೆಯ ಕೋವಿಗಳಲ್ಲಿ ಬಹುಪಾಲು ಆ ಯುಕ್ತಿಯ ಸಂತಾನವೇ.

ನನ್ನ ಮುಂದಿದ್ದ ಕೋವಿಯು 12 ಬೋರಿನದು. ಈ ಸಂಖ್ಯೆಯ ಅರ್ಥ ವಿನೋದಕರವಾಗಿದೆ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮವಾದ ಗುಂಡುಗಳಾಗಿ ಎರಕ ಹೊಯ್ದರೆ, ಅಂತಹ ಒಂದು ಗುಂಡು ಹಿಡಿಯುವಷ್ಟು ಅಗಲದ ನಳಿಕೆಯೇ 12 ಬೋರು. ಅಳತೆಯಲ್ಲಿ ಸುಮಾರು 18.5 ಮಿಲಿಮೀಟರ್. ಇಪ್ಪತ್ತು ಗುಂಡು ಮಾಡಿದರೆ ಗುಂಡು ಚಿಕ್ಕದಾಗುವುದರಿಂದ 20 ಬೋರು 12ಕ್ಕಿಂತ ಕಿರಿದು. ಅಂಕಿ ಹೆಚ್ಚಿದಷ್ಟೂ ನಳಿಕೆ ಸಣ್ಣದೆಂಬುದನ್ನು ಮರೆಯಬಾರದು. 20 ಬೋರಿನ ತೋಟಾವನ್ನು ತಿಳಿಯದೆ 12ರ ನಳಿಕೆಗೆ ಹಾಕಿದರೆ ಅದು ಒಳಕ್ಕೆ ಜಾರಿ ಸಿಕ್ಕಿಕೊಳ್ಳುವುದು. ಅದರ ಹಿಂದೆ ಇನ್ನೊಂದು ತೋಟಾವನ್ನಿಟ್ಟು ಹಾರಿಸಿದರೆ ನಳಿಕೆಯೇ ಸಿಡಿದು ಕೈ ಹೋಗುವುದು. ಆದಕಾರಣವೇ 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವ ಪದ್ಧತಿಯಾಗಿದೆ.

ತೋಟಾ ಎಂಬುದು ಪ್ಲಾಸ್ಟಿಕ್ಕಿನ ಅಥವಾ ಕಾಗದದ ಕೊಳವೆ. ಬುಡಕ್ಕೆ ಹಿತ್ತಾಳೆಯ ತೊಡಿಗೆ. ಬುಡದ ನಡುವೆ ಕೇಪು, ಅದರ ಮೇಲೆ ಮದ್ದು, ಮದ್ದಿನ ಮೇಲೆ ಬಿರಡೆ, ಬಿರಡೆಯ ಮೇಲೆ ಚರೆ. ಟ್ರಿಗರನ್ನು ಎಳೆದಾಗ ಮೊಳೆಯು ಕೇಪಿಗೆ ಬಡಿಯುತ್ತದೆ. ಮದ್ದು ಉರಿದು ಅನಿಲವಾಗುತ್ತದೆ. ಅನಿಲವು ಬಿರಡೆಯನ್ನು ತಳ್ಳುತ್ತದೆ, ಬಿರಡೆಯು ಚರೆಯನ್ನು ತಳ್ಳುತ್ತದೆ. ತೋಟಾದ ಗೋಡೆಯು ಆ ಒತ್ತಡಕ್ಕೆ ಉಬ್ಬಿ ನಳಿಕೆಗೆ ಅಂಟಿಕೊಳ್ಳುವುದರಿಂದ ಬೆಂಕಿಯು ಹಿಂದಕ್ಕೆ ನುಗ್ಗಿ ಮುಖವನ್ನು ಸುಡುವುದಿಲ್ಲ. ಇಂಗ್ಲಿಷ್ ಅಳತೆಯ 6ನೆಯ ನಂಬರಿನ ಚರೆಯಾದರೆ 28 ಗ್ರಾಂ ತೂಕದಲ್ಲಿ ಸುಮಾರು 270 ಕಾಳುಗಳಿರುತ್ತವೆ. ನಂಬರು ಕಡಿಮೆಯಾದಂತೆ ಕಾಳು ದಪ್ಪ. ಎಲ್.ಜಿ., ಎಸ್.ಜಿ. ಎಂಬ ತೋಟಾಗಳಲ್ಲಿ ಕೆಲವೇ ಕೆಲವು ದೊಡ್ಡ ಗುಂಡುಗಳಿರುತ್ತವೆ.

ರೈಫಲಿನ ನಳಿಕೆಯೊಳಗೆ ಸುರುಳಿಯಾದ ಗೆರೆಗಳಿದ್ದು, ಒಂಟಿ ಗುಂಡು ತಿರುಗುತ್ತ ಬಹುದೂರ ಹೋಗುವುದು. ಚರೆ ಹಾರಿಸುವ ಈ ಕೋವಿಯ ನಳಿಕೆಯಾದರೋ ಒಳಗೆ ನುಣುಪು. ಚರೆಯು ಹೊರಬಿದ್ದೊಡನೆ ಹರಡತೊಡಗುತ್ತದೆ. ಹರಡುವಿಕೆಯನ್ನು ಹದಗೊಳಿಸಲು ನಳಿಕೆಯ ಬಾಯನ್ನು ಕೂದಲೆಳೆಯ ಲೆಕ್ಕದಲ್ಲಿ ಕಿರಿದುಮಾಡುವರು. ಇದಕ್ಕೆ ಚೋಕ್ ಎಂದು ಹೆಸರು. ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟರ ಈ ಸಂಕೋಚದಿಂದ ಆಗುವ ವ್ಯತ್ಯಾಸ ಬಲುದೊಡ್ಡದು: 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ, ಚೋಕಿಲ್ಲದ ನಳಿಕೆಯಿಂದ ನೂರಕ್ಕೆ ಸುಮಾರು 40 ಕಾಳುಗಳೂ, ಪೂರ್ಣ ಚೋಕಿನಿಂದ ಸುಮಾರು 70 ಕಾಳುಗಳೂ ಬೀಳುತ್ತವೆ. ಜೋಡಿ ಕೋವಿಯಲ್ಲಿ ಸಾಮಾನ್ಯವಾಗಿ ಬಲ ನಳಿಕೆ ಸಡಿಲ, ಎಡ ನಳಿಕೆ ಬಿಗಿ. ಮೊದಲನೆಯದು ಹತ್ತಿರಕ್ಕೆ, ಎರಡನೆಯದು ದೂರಕ್ಕೆ. ಎರಡು ಟ್ರಿಗರುಗಳಿರುವುದು ಅದಕ್ಕಾಗಿಯೇ.

ಆದರೆ ದೂರವೆಂದರೂ ಎಷ್ಟು? ಸಣ್ಣ ಚರೆಯು ಗುರಿಗೆ ಉಪಯೋಗಕ್ಕೆ ಬರುವುದು 35, 40 ಮೀಟರುಗಳವರೆಗೆ ಮಾತ್ರ. ಹಾರಿ ಬೀಳುವುದಾದರೂ 200 ಮೀಟರುಗಳ ಸುಮಾರಿಗೆ. ಸಣ್ಣ ಪಾಯಿಂಟ್ ಟ್ವೆಂಟಿಟೂ ರೈಫಲಿನ ಗುಂಡು ಸಹ ಒಂದು ಕಿಲೋಮೀಟರನ್ನು ಮೀರಿ ಹೋಗಬಲ್ಲುದು. ತೋಟವೂ ಗದ್ದೆಯೂ ಮನೆಯೂ ಒಂದಕ್ಕೊಂದು ಹೆಣೆದುಕೊಂಡಿರುವ ನಾಡಿನಲ್ಲಿ ಗೃಹಸ್ಥನಿಗೆ ಚರೆಯ ಕೋವಿಯೇ ಒಪ್ಪುವುದೇಕೆಂಬುದು ಇದರಿಂದ ಸ್ಪಷ್ಟ. ದೊಡ್ಡ ಗುಂಡಿನ ತೋಟಾಗಳಿಗೆ ಮಾತ್ರ ಈ ಅಳತೆ ಸಲ್ಲದು. ಅವು ಎಷ್ಟೋ ಹೆಚ್ಚು ದೂರ ಹೋಗುವುವು.

ಹಾಗಾದರೆ ಇಂದು ಈ ಕೋವಿಯ ಕೆಲಸವೇನು? ಹಿಂದೆ ಬೇಟೆಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಮೇಲೆ ಅದು ನಿಂತಿತು, ನಿಲ್ಲಬೇಕಾದುದೇ. ಇಂದು ಕಾಡಾನೆಯು ತೋಟಕ್ಕೆ ನುಗ್ಗಿ ಕಾಫಿ ಗಿಡಗಳನ್ನು ತುಳಿದರೂ, ಅದಕ್ಕೆ ಗುರಿಯಿಡುವಂತಿಲ್ಲ. ಕೊಡಗಿನ ರೈತನಿಗೆ ಇದು ಸಣ್ಣ ಕಷ್ಟವಲ್ಲ. ಬೆಳಗ್ಗೆ ಕೆಲಸಕ್ಕೆ ಹೊರಟ ಆಳುಮಕ್ಕಳು ಆನೆಯ ಕಾಲಿಗೆ ಸಿಕ್ಕಿ ಸತ್ತ ಸಂಗತಿಗಳುಂಟು. ಕ್ರೀಡೆಯಾಗಿ ಕೋವಿಯು ಬೆಳೆದಿದೆ: ಹಾರುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುವ ಪಂದ್ಯದಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡರು 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಬೆಳ್ಳಿಯ ಪದಕವನ್ನು ತಂದುದು ಇಂತಹ ಚರೆಯ ಕೋವಿಯಿಂದಲೇ. ಕೊಡಗಿನಲ್ಲಿ ಹಬ್ಬದ ದಿನ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಗಳು ನಡೆಯುತ್ತವೆ. ಈಗ ಹೆಂಗಸರೂ ಅದರಲ್ಲಿ ಗುರಿಯಿಡುತ್ತಾರೆ.

ಆದರೆ ಕೋವಿಯ ಬಹು ಪುರಾತನವಾದ ಉಪಯೋಗವೊಂದು ಉಳಿದಿದೆ, ಅದು ಶಬ್ದ. ಗುಡ್ಡದ ಆ ಬದಿಗೊಂದು ಮನೆ, ಈ ಬದಿಗೊಂದು ಮನೆ. ಸುದ್ದಿಯು ಸೇರುವುದು ಹೇಗೆ? ಗಂಡುಮಗು ಹುಟ್ಟಿದರೆ ಒಂದು ಈಡು. ಮನೆಯಲ್ಲಿ ಸಾವಾದರೆ ಎರಡು ಈಡು. ಪುತ್ತರಿಯ ದಿನ ಮೊದಲ ಕದಿರನ್ನು ಕೊಯ್ಯುವಾಗ ಮತ್ತೊಂದು. “ನಾನು ಹುಟ್ಟಿದಾಗಲೂ ಅಪ್ಪ ಒಂದು ಈಡು ಹಾರಿಸಿದರಂತೆ, ಊರವರು ಗಂಡೆಂದು ಬಂದು ನೋಡಿ ನಕ್ಕರಂತೆ” ಎಂದು ಆ ಹುಡುಗಿ ಹೇಳಿದಳು. ಸಂಭ್ರಮಕ್ಕೆಂದು ಪರರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದು 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧವೆಂಬುದನ್ನೂ ಆ ಮನೆಯವರು ಬಲ್ಲರು.

ಹೊಸ ಬಗೆಯ ಕೋವಿಗಳ ಮಾತೂ ಬಂದಿತು. ಮುಂಗೈಯ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ತೋಟಾ ಬದಲಿಸುವ ಪಂಪ್ ಕೋವಿ, ಒಂದು ಈಡಿನ ಬಲದಿಂದಲೇ ಮುಂದಿನ ತೋಟಾವನ್ನು ತಾನಾಗಿ ಏರಿಸಿಕೊಳ್ಳುವ ಕೋವಿ—ಇವೆರಡರಲ್ಲಿಯೂ ಅಮೆರಿಕದ ಜಾನ್ ಬ್ರೌನಿಂಗನು ನೂರಿಪ್ಪತ್ತು ವರ್ಷಗಳಿಗೂ ಹಿಂದೆಯೇ ಯಶಸ್ವಿಯಾದನು. ಪೋಲೀಸರಿಗೂ ಪಂದ್ಯಗಾರರಿಗೂ ಅವು ಅನುಕೂಲ. ಆದರೆ ತೋಟಾಗಳು ನಳಿಕೆಯ ಕೆಳಗಿನ ಕೊಳವೆಯಲ್ಲಿ ಅಡಗಿರುವುದರಿಂದ, ಒಂದನ್ನು ತೆಗೆದು ಖಾಲಿಯಾಯಿತೆಂದು ತಿಳಿದವನಿಗೆ ಇನ್ನೊಂದು ಕಾದಿರಬಹುದು. “ನಮ್ಮ ಮನೆಗೆ ಬಾಗುವ ಕೋವಿಯೇ ಸಾಕು. ಬಾಗಿದ ಕೋವಿ ಸಿಡಿಯಲಾರದು, ಬಾಗಿದೆಯೆಂಬುದು ಹತ್ತು ಮಾರು ದೂರದಿಂದಲೇ ಕಾಣುತ್ತದೆ” ಎಂದರು ನನ್ನ ಶಿಷ್ಯರು.

ಆ ಮನೆಯ ನಿಯಮಗಳನ್ನು ನಾನು ಬರೆದುಕೊಂಡೆನು. ಪ್ರತಿಯೊಂದು ಕೋವಿಯೂ ತುಂಬಿದೆಯೆಂದೇ ಭಾವಿಸತಕ್ಕದ್ದು. ಕೈಯಿಂದ ಕೈಗೆ ಕೊಡುವಾಗ ಬಾಗಿಸಿ, ಎರಡು ನಳಿಕೆಗಳನ್ನೂ ತೋರಿಸಿ ಕೊಡತಕ್ಕದ್ದು. ಬೇಲಿಯನ್ನಾಗಲಿ ತೋಡನ್ನಾಗಲಿ ದಾಟುವಾಗ ತೋಟಾವನ್ನು ತೆಗೆಯತಕ್ಕದ್ದು. ಬಾಯಿಯನ್ನು ಮನುಷ್ಯರ ಕಡೆಗೆ ಎಂದಿಗೂ ತಿರುಗಿಸಬಾರದು. ಗುರಿಯ ಹಿಂದೆ ಏನಿದೆಯೆಂದು ತಿಳಿಯದೆ ಟ್ರಿಗರಿನ ಮೇಲೆ ಬೆರಳಿಡಬಾರದು. ಕೋವಿಗೊಂದು ಬೀಗ, ತೋಟಾಗಳಿಗೆ ಇನ್ನೊಂದು ಬೀಗ. ಬೀಗದಕೈಗಳು ಮಕ್ಕಳಿಗೆ ಸಿಕ್ಕಬಾರದು.

ಮೂರನೆಯ ದಿನ, ಇನ್ನೂ ಮಬ್ಬುಗತ್ತಲೆ ಇರುವಾಗ, ಕಣಿವೆಯ ಆಚೆಯಿಂದ ಒಂದು ಈಡಿನ ಸದ್ದು ಕೇಳಿಸಿತು. ಅಡಿಗೆಮನೆಯಲ್ಲಿ ಪಾತ್ರೆಯ ಶಬ್ದ ನಿಂತಿತು. ಎಲ್ಲರೂ ಕಿವಿಗೊಟ್ಟರು. ಎರಡನೆಯದು ಕೇಳಿಸಿತು. “ಅಜ್ಜಿ ಹೋದರು” ಎಂದು ನನ್ನ ಶಿಷ್ಯರು ಮೆಲ್ಲನೆ ನುಡಿದು, ಕಂಬಳಿಯನ್ನು ಹೊದೆದು ಹೊರಟರು. ಆಚೆಮನೆಯ ವೃದ್ಧೆಯೊಬ್ಬರು ಬಹುದಿನದಿಂದ ಹಾಸಿಗೆ ಹಿಡಿದಿದ್ದರಂತೆ. ದೂರವಾಣಿಯಲ್ಲಿ ಯಾರೂ ಕರೆಯಲಿಲ್ಲ. ಅರ್ಧ ಗಂಟೆಯೊಳಗಾಗಿ ಮೂರು ಗುಡ್ಡಗಳ ದಾರಿಯಲ್ಲಿಯೂ ಜನರು ಇಳಿಯುತ್ತಿರುವುದನ್ನು ಜಗಲಿಯಿಂದಲೇ ಕಂಡೆನು. ನಾನು ಬಾಲ್ಯದಲ್ಲಿ ಕೇಳಿದ ಈಡು ಒಂದು ಮನೆಯನ್ನು ಒಡೆದಿತ್ತು. ಈ ಈಡುಗಳು ಹತ್ತು ಮನೆಗಳನ್ನು ಒಂದು ಅಂಗಳಕ್ಕೆ ಕರೆತಂದವು.

ಹೊರಡುವ ಮುನ್ನ ನಾನು ಆ ಹುಡುಗಿಯನ್ನು ಕರೆದು, “ಅಮ್ಮಾ, ಅದನ್ನೊಮ್ಮೆ ಕೊಡು” ಎಂದೆನು. ಆಕೆ ಕೇಳದೆಯೇ ಅರ್ಥಮಾಡಿಕೊಂಡು, ಕೋವಿಯನ್ನು ಬಾಗಿಸಿ, ತಾನು ನೋಡಿ, ನನಗೆ ತೋರಿಸಿ, ಕೈಗೆ ಕೊಟ್ಟಳು. ಸುಮಾರು ಮೂರು ಕಿಲೋ ಭಾರ. ಬಾಗಿಲ ಬೆಳಕಿಗೆ ಹಿಡಿದು ಎರಡು ನಳಿಕೆಗಳೊಳಗಿಂದ ನೋಡಿದೆನು. ಎರಡು ಕಡೆಯೂ ಮಳೆಯ ಆಕಾಶ ಸ್ವಚ್ಛವಾಗಿ ಕಂಡಿತು. ಖಾಲಿಯೆಂಬುದನ್ನು ಕಣ್ಣಾರೆ ಕಂಡು ಹಿಂದಿರುಗಿಸಿದೆನು.

ಮಲೆನಾಡಿನ ಎಷ್ಟೋ ಮನೆಗಳ ಮೂಲೆಯಲ್ಲಿ ಇಂದಿಗೂ ಅಜ್ಜನ ಕಾಲದ ಕೋವಿಯು ಒರಗಿದೆ. ಆ ಮನೆಗಳ ಗೃಹಸ್ಥರಲ್ಲಿ ಈ ಮುದುಕನ ಪ್ರಾರ್ಥನೆ ಇಷ್ಟೇ: ಈ ಲೇಖನವನ್ನು ಕೆಳಗಿಟ್ಟು ಎದ್ದು ಹೋಗಿ ಅದನ್ನು ಪರೀಕ್ಷಿಸಿರಿ. ನಿಮಗೆ ತಿಳಿಯದಿದ್ದರೆ ತಿಳಿದವರಿಂದ ಪರೀಕ್ಷೆ ಮಾಡಿಸಿರಿ. ಖಾಲಿಯೆಂದು ತಿಳಿದಿರುವುದು ಬೇರೆ, ಖಾಲಿಯೆಂದು ಕಂಡಿರುವುದು ಬೇರೆ.